ಹಳೇ ಟ್ರಕ್ಕು, ನಾಲ್ಕೂ ಚಕ್ರಕ್ಕೆ ಬಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹೆಚ್ಚಿನವರು ಪ್ರಶ್ನೆ ಜೊತೆ ತಮ್ಮ ಗಾಡಿಯ ಕಥೆಯನ್ನೂ ಬರೆದಿದ್ದಾರೆ. ತುಂಬಾ ಖುಷಿಯಾಯಿತು.

ಪ್ರಶ್ನೆ: ಹಳೇ ಗಾಡಿಯವರು ಸೇರಿದಾಗಲೆಲ್ಲ ಒಂದೇ ಮಾತು, ಫೋರ್ ವೀಲ್ ಡ್ರೈವ್ ಶುರುವಾಗಿದ್ದೇ ಎರಡನೇ ಮಹಾಯುದ್ಧದ ಜೀಪಿನಿಂದ ಅಂತ. ನಿಜವಾ?

ಉತ್ತರ: ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್‌ನಲ್ಲಿ ಒಟ್ಟೊ ಜಾಕೋ ಮತ್ತು ವಿಲಿಯಂ ಬೆಸೆರ್ಡಿಕ್ ಅನ್ನೋ ಇಬ್ಬರು 1908ರ ಹೊತ್ತಿಗೇ ನಾಲ್ಕೂ ಚಕ್ರ ಎಳೆಯುವ ಗಾಡಿ ಕಟ್ಟಿದ್ದರು. ಹಿಂದಿನ ಚಕ್ರಕ್ಕೆ ಬಲ ಕೊಡೋದು ಸುಲಭ. ಮುಂದಿನ ಚಕ್ರ ಹಾಗಲ್ಲ, ಅದು ಎಳೆಯಲೂ ಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು. ಅದಕ್ಕೆ ಒಗ್ಗುವ ಜಾಯಿಂಟ್ ಮಾಡಿದ್ದೇ ಅವರ ದೊಡ್ಡ ಕೆಲಸ. ಅದೇ ರಾಜ್ಯದ ಜೆಫ್ರಿ ಕಂಪನಿ 1913ರಲ್ಲಿ ಕ್ವಾಡ್ ಅನ್ನೋ ಟ್ರಕ್ ತಂದಿತು, ಅದರಲ್ಲಿ ನಾಲ್ಕೂ ಚಕ್ರ ಎಳೆಯುತ್ತಿದ್ದವು, ಸ್ಟೇರಿಂಗ್ ತಿರುಗಿಸಿದರೆ ನಾಲ್ಕೂ ತಿರುಗುತ್ತಿದ್ದವು. ಇವರ ಟ್ರಕ್‌ಗಳು ಮೊದಲ ಮಹಾಯುದ್ಧದಲ್ಲೇ ಓಡಾಡಿವೆ. ಜೀಪು ಹೆಸರುವಾಸಿಯಾಗಿದ್ದು ಅದರ ಸಂಖ್ಯೆಯಿಂದ. 1941ರಿಂದ 1945ರೊಳಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಮಾಡಿದರು.

ಪ್ರಶ್ನೆ: ಕೆಸರಲ್ಲಿ ಸಿಕ್ಕಿಕೊಂಡಾಗ ಫೋರ್ ವೀಲ್ ಹಾಕಿದೆ, ಚೆನ್ನಾಗಿ ಎದ್ದು ಬಂತು. ಹಾಗೇ ಡಾಂಬರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆ ಲಿವರ್ ಜಪ್ಪಯ್ಯ ಅಂದರೂ ಹಿಂದಕ್ಕೆ ಬರಲಿಲ್ಲ. ಗೇರ್ ಬಾಕ್ಸ್ ಹೋಯಿತಾ?

ಉತ್ತರ: ಹೆದರಬೇಡಿ, ಬಹುಶಃ ಏನೂ ಹೋಗಿಲ್ಲ. ಗಾಡಿ ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳುತ್ತವೆ. ಆದರೆ ಆ ಕಾಲದ ಹೆಚ್ಚಿನ ಟ್ರಕ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಎಕ್ಸೆಲ್ ನಡುವೆ ಡಿಫರೆನ್ಷಿಯಲ್ (ಎರಡೂ ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇರುವುದಿಲ್ಲ, ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಶಾಫ್ಟ್ ಒಂದೇ ವೇಗಕ್ಕೆ ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲವಲ್ಲ, ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟು, ಗೇರುಗಳೆಲ್ಲ ತಿರುಚಿಕೊಂಡು ನಿಲ್ಲುತ್ತವೆ. ಆ ಒತ್ತಡಕ್ಕೆ ಹಲ್ಲುಗಳು ಕಚ್ಚಿಕೊಂಡಿರುವುದರಿಂದಲೇ ಲಿವರ್ ಬರುವುದಿಲ್ಲ.

ದಯವಿಟ್ಟು ಸುತ್ತಿಗೆ ಮುಟ್ಟಬೇಡಿ. ಲಿವರ್ ಮೇಲೆ ಮೆಲ್ಲಗೆ ಕೈಯಿಟ್ಟು ಸ್ವಲ್ಪ ದೂರ ರಿವರ್ಸ್ ಹೋಗಿ, ಸಾಮಾನ್ಯವಾಗಿ ತಾನಾಗೇ ಬಿಡುತ್ತದೆ. ಬಿಡದಿದ್ದರೆ ಒಂದು ಪಕ್ಕದ ಚಕ್ರಗಳನ್ನು ಸಡಿಲ ಮಣ್ಣಿಗೆ ಇಳಿಸಿ ನೋಡಿ. ಕೊನೆಯ ದಾರಿ ಮುಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತುವುದು. ಆದರೆ ಉಳಿದ ಚಕ್ರಗಳು ಉರುಳದ ಹಾಗೆ ಅಡ್ಡ ಕೊಟ್ಟಿರಬೇಕು, ಎತ್ತಿದ ಚಕ್ರದ ಹತ್ತಿರ ಕೈ ಒಯ್ಯಬಾರದು, ಅದು ಒತ್ತಡ ಬಿಟ್ಟಾಗ ಫಟ್ಟನೆ ತಿರುಗುತ್ತದೆ. ಇನ್ನೊಂದು ಮಾತು, ನೆಟ್ಟಗಿನ ರಸ್ತೆಯಲ್ಲೂ ಹೀಗಾದರೆ ಟೈರು ನೋಡಿ. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆ ಬೇರೆಯಾಗಿ ಇದೇ ತೊಂದರೆ ಬರುತ್ತದೆ.

1948ರ ಮೊದಲ ಲ್ಯಾಂಡ್ ರೋವರ್‌ನವರು ಇದಕ್ಕೆ ಮುಂದಿನ ಶಾಫ್ಟಿನ ದಾರಿಯಲ್ಲಿ ಒಂದು ಫ್ರೀವೀಲ್ ಇಟ್ಟಿದ್ದರು. ಮುಂದಿನ ಚಕ್ರ ಬೇಗ ಉರುಳಬೇಕಾದಾಗ ಅದು ಬಿಟ್ಟುಕೊಡುತ್ತಿತ್ತು. ನನಗೆ ಇವತ್ತಿಗೂ ಇಷ್ಟವಾದ ಉಪಾಯ ಅದು.

ಪ್ರಶ್ನೆ: ಯುದ್ಧಕಾಲದ ಗಾಡಿ, ರಿಮ್ ಎರಡು ಭಾಗವಾಗಿದೆ. ಪಂಕ್ಚರ್ ನಾನೇ ಹಾಕಬಹುದಾ?

ಉತ್ತರ: ಇದರ ಕೆಲಸ ಬಲ್ಲವರಿಂದ ಕಲಿಯುವ ತನಕ ಬೇಡ. ವೀಲ್ ನಟ್ ಬೇರೆ, ರಿಮ್ಮಿನ ಎರಡು ಭಾಗ ಹಿಡಿದಿರುವ ನಟ್ ಬೇರೆ. ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ರಿಮ್ ಸಿಡಿದು ಪ್ರಾಣ ಹೋಗಬಹುದು. ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಬೇಕು. ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಬೇಕು.

ಪ್ರಶ್ನೆ: ಡಾಡ್ಜ್ ಪವರ್ ವ್ಯಾಗನ್ ಸಿಕ್ಕಿದೆ. ಕ್ಯಾಬಿನ್‌ನಲ್ಲಿ ಯಾಕೆ ಇದೆ ಅಂತ ಗೊತ್ತಾಗದ ಲಿವರ್ ಇದೆ, ಚಾಸಿಯಲ್ಲಿ ಸುಮ್ನೆ ಕೊರೆದ ಹಾಗೆ ತೂತುಗಳಿವೆ. ಮುಚ್ಚಿಸಿ ಪೇಂಟ್ ಹೊಡೆಸಲಾ?

ಉತ್ತರ: ಸ್ವಲ್ಪ ತಡೆಯಿರಿ! 1946ರಲ್ಲಿ ಬಂದ ಈ ಟ್ರಕ್ ಡಾಡ್ಜ್‌ನ ಮುಕ್ಕಾಲು ಟನ್ ಮಿಲಿಟರಿ ಗಾಡಿಯಿಂದ ಹುಟ್ಟಿದ್ದು. ಆರು ಸಿಲಿಂಡರ್, ಸುಮಾರು 3.8 ಲೀಟರ್ ಎಂಜಿನ್. ಆ ಲಿವರ್ ಬಹುಶಃ ಪಿಟಿಒದು. ಅಂದರೆ ಎಂಜಿನ್ ಬಲವನ್ನು ಚಕ್ರದ ಬದಲು ಮುಂದಿನ ವಿಂಚಿಗೋ (ಹಗ್ಗ ಸುತ್ತಿ ಎಳೆಯುವ ಉರುಳೆ), ಹಿಂದೆ ಗರಗಸ ಅಥವಾ ಪಂಪಿಗೋ ಕೊಡುವ ವ್ಯವಸ್ಥೆ. ತೂತುಗಳ ಜಾಗದಲ್ಲಿ ಯಾವುದೋ ಕ್ರೇನೋ ವಿಂಚೋ ಕೂತಿದ್ದಿರಬಹುದು. ನನ್ನ ಪ್ರಕಾರ ಆ ತೂತುಗಳು ಹೊಸ ಪೇಂಟಿಗಿಂತ ಬೆಲೆಬಾಳುತ್ತವೆ. ಒಂದೊಂದರ ಫೋಟೊ ತೆಗೆದು ಅಳತೆ ಬರೆದಿಡಿ, ಪ್ಲೇಟಿನ ನಂಬರ್ ಕೂಡ. ಆಮೇಲೆ ಹಿಂದೆ ಓಡಿಸಿದವರು ಸಿಕ್ಕಿದರೆ ಕೇಳಿ. "ಗಾಡಿ ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಅಷ್ಟೇ. ಏನು ಎಳೆಸುತ್ತಿದ್ದಿರಿ, ಯಾವ ಗೇರಿನಲ್ಲಿ, ಮೊದಲು ಮುರಿದಿದ್ದು ಯಾವುದು, ಅದರ ಬದಲಿಗೆ ಏನು ಹಾಕಿದಿರಿ ಅಂತ ಕೇಳಿ ನೋಡಿ, ಆಗ ಮಾತು ನಿಲ್ಲುವುದೇ ಇಲ್ಲ. ಅವರು ಹೇಳಿದ್ದನ್ನು ಬರೆದು ಕಳಿಸಿ, ಇಲ್ಲೇ ಹಾಕೋಣ.