ಬೆಳಗಿನ ಜಾವದ ವಿಮಾನಕ್ಕೆ ದಾವಣಗೆರೆಯಿಂದ ಹೊರಡುವಾಗ

ಮಂಗಳವಾರ ನಸುಕಿನ 4 ಗಂಟೆಗೆ ಬೆಂಗಳೂರಿನಿಂದ ವಿದೇಶಕ್ಕೆ ವಿಮಾನ, ಜೊತೆಗೆ ವಯಸ್ಸಾದ ತಂದೆ-ತಾಯಿ. ಹೋಟೆಲ್ ಬೇಕೇ, ವಿಮಾನ ನಿಲ್ದಾಣದೊಳಗಿನ ಊಟ-ವಿಶ್ರಾಂತಿಯ ಕೋಣೆಯಾದ ಲೌಂಜ್ ಸಾಕೇ ಎಂದು ಕೇಳಿದ್ದೀರಿ. ಹೋಟೆಲ್ ಬೇಕೇ ಬೇಕು.

ಲೌಂಜ್ ಇರುವುದು ಭದ್ರತಾ ತಪಾಸಣೆ ದಾಟಿದ ಮೇಲೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ತೆರೆಯುವುದೇ ಮೂರು ಗಂಟೆ ಮೊದಲು. ವಲಸೆ ವಿಭಾಗದ ಸಾಲು ಮುಗಿಸಿ ಒಳಗೆ ಕೂರುವಷ್ಟರಲ್ಲಿ ಉಳಿಯುವುದು ಗಂಟೆ, ಒಂದೂವರೆ ಗಂಟೆ. ಬಿಸಿ ಊಟಕ್ಕೆ ಸಾಕು, ನಿದ್ದೆಗೆ ಸಾಲದು.

ಕೊಠಡಿಯನ್ನು ಸೋಮವಾರದ ದಿನಾಂಕಕ್ಕೆ ಕಾಯ್ದಿರಿಸಿ. ನಾನು ಒಮ್ಮೆ ಟಿಕೆಟ್ ಮೇಲಿನ ದಿನಾಂಕವನ್ನೇ ಹಾಕಿ, ರಾತ್ರಿ ಒಂಬತ್ತಕ್ಕೆ ದೇವನಹಳ್ಳಿಯಲ್ಲಿ ಸ್ವಾಗತಕಾರನ ಮುಂದೆ ಪೆಚ್ಚಾಗಿ ನಿಂತಿದ್ದೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಎಂಟಕ್ಕೆ ಹೊರಡಿ. ಡಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದರೆ ಬೆಂಗಳೂರಿನ ವಾಹನ ದಟ್ಟಣೆಗೆ ಸಿಗದೆ ದೇವನಹಳ್ಳಿ ಸೇರಬಹುದು. ಮಧ್ಯಾಹ್ನವೇ ಕೊಠಡಿ ಸೇರಿ, ಹಿರಿಯರು ರಾತ್ರಿ ಹನ್ನೆರಡರವರೆಗೆ ಮಲಗಲಿ. ಆ ಹೊತ್ತಿನಲ್ಲಿ ಹೋಟೆಲಿನ ವಾಹನ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಬ್ಯಾಂಕಿನ ಕಾರ್ಡ್ ತೋರಿಸಿ ಲೌಂಜ್‌ಗೆ ಹೋಗುವುದಾದರೆ, ಕಾರ್ಡ್ ನಿಮ್ಮ ಹೆಸರಿನಲ್ಲಿದ್ದಾಗ ಹೆಚ್ಚಾಗಿ ಪ್ರವೇಶ ನಿಮಗೊಬ್ಬರಿಗೇ. ಕೆಲವು ಕಾರ್ಡ್‌ಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತೂ ಇದೆ. ಅಂತರರಾಷ್ಟ್ರೀಯ ಲೌಂಜ್‌ಗೆ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಅಮ್ಮನಿಗೆ ಗಾಲಿಕುರ್ಚಿ ಬೇಕಿದ್ದರೆ ವಿಮಾನ ಸಂಸ್ಥೆಗೆ ಈಗಲೇ ತಿಳಿಸಿ.

ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಿ. ಒಣ ಮಂಡಕ್ಕಿ ಕೈಯಲ್ಲೇ ಇರಲಿ.