ಸಣ್ಣ ಸಮುದಾಯದ ದೇವರಾಜ ಅರಸು ಅಷ್ಟು ವರ್ಷ ಅಧಿಕಾರದಲ್ಲಿ ಉಳಿದದ್ದು ಹೇಗೆ?

ಅರಸು ಸಮುದಾಯದ ವೋಟು ನಂಬಿಕೊಂಡರೆ ಒಂದು ಸೀಟು ಗೆಲ್ಲುವುದೂ ಕಷ್ಟ. ಲಿಂಗಾಯತ, ಒಕ್ಕಲಿಗ ನಾಯಕರ ಹಿಡಿತ ಗಟ್ಟಿಯಿದ್ದ ಕಾಲ ಅದು. 1972ರಲ್ಲಿ ಮುಖ್ಯಮಂತ್ರಿಯಾದ ಅರಸು ಬೇರೆಯದೇ ಬಲ ಕಟ್ಟಿದರು. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರಿಗೆ ಟಿಕೆಟ್ ಕೊಟ್ಟರು, ಹಿಂದುಳಿದ ವರ್ಗಗಳನ್ನು ಗುರುತಿಸಲು ಹಾವನೂರು ಆಯೋಗ ನೇಮಿಸಿದರು.

ನನ್ನ ಪ್ರಕಾರ ನಿಜವಾದ ಜಾಣತನ ಕಾಣುವುದು 1974ರ ಭೂಸುಧಾರಣೆಯಲ್ಲಿ. 'ಉಳುವವನೇ ಹೊಲದೊಡೆಯ' ಅಂತ ಸುಮ್ನೆ ಕೂಗುವುದು ಸುಲಭ. ಆದರೆ ಗೇಣಿದಾರ ಕೋರ್ಟಿಗೆ ಅಲೆದರೆ ಗೆಲ್ಲುವುದು ಧಣಿಯ ವಕೀಲನೇ ಅಲ್ವಾ? ಅದಕ್ಕೇ ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿ ತಂದರು. ಗೇಣಿದಾರ ಜಮೀನಿನ ಹಕ್ಕು ಕೇಳುವ ಅರ್ಜಿ, ಅಂದರೆ ಫಾರಂ ನಂಬರ್ 7, ತುಂಬಿ ಕೊಟ್ಟರೆ ಸಾಕಿತ್ತು. ವಕೀಲರು ಅಲ್ಲಿ ವಾದಿಸುವಂತಿರಲಿಲ್ಲ. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ. ಉಳಿದ ಸದಸ್ಯರನ್ನು ನೇಮಿಸುತ್ತಿದ್ದದ್ದು ಸರ್ಕಾರ. ಗೇಣಿದಾರನಿಗೆ ಜಮೀನು, ಅರಸು ಅವರಿಗೆ ತಾಲ್ಲೂಕು ತಾಲ್ಲೂಕಿನಲ್ಲೂ ತಮ್ಮವರು!

ದಿಲ್ಲಿಯ ಲೆಕ್ಕ ಮಾತ್ರ ಕೈಕೊಟ್ಟಿತು. 1979ರಲ್ಲಿ ಇಂದಿರಾ ಗಾಂಧಿಯಿಂದ ದೂರವಾದರು. 1980ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಸೀಟುಗಳಲ್ಲಿ 27ನ್ನು ಬಾಚಿತು. ಅರಸು ಕಡೆಯ ಶಾಸಕರು ಅತ್ತ ಜಿಗಿದರು, ಅದೇ ಜನವರಿಯಲ್ಲಿ ಗುಂಡೂರಾವ್ ಮುಖ್ಯಮಂತ್ರಿಯಾದರು.