ಸಾಕಿದ ಹೇಂಟೆ ರಾತ್ರೋರಾತ್ರಿ ಸತ್ತೋಯ್ತು, ಕಾರಣಾನೇ ಗೊತ್ತಿಲ್ಲ, ಹೇಗೆ ತಡ್ಕೊಳ್ಳೋದು?

ಸಂಜೆ ಚೆನ್ನಾಗೇ ಮೇವು ತಿಂದು ಗೂಡು ಸೇರಿದ ಹೇಂಟೆ ಬೆಳಗ್ಗೆ ಬಾಗಿಲು ತೆಗೆದ್ರೆ ಸತ್ತು ಬಿದ್ದಿತ್ತು, ಗಾಯ ಇಲ್ಲ ರಕ್ತ ಇಲ್ಲ, ಹೂತೂ ಆಯ್ತು, ಉಳಿದ ಎರಡು ಆರಾಮಾಗಿವೆ, ಮನೇಲಿ ಒಂದು ಕೋಳಿಗೆ ಇಷ್ಟು ಅಳ್ತಾರಾ ಅಂತಾರೆ, ನಂದೇ ಏನೋ ತಪ್ಪಾಯ್ತಾ ಅಂತ ನಿದ್ದೆ ಬರ್ತಿಲ್ಲ, ಇನ್ನೊಂದು ತರೋದಾ ಬೇಡ್ವಾ. ಇಷ್ಟು ತಾನೇ ನೀವು ಕೇಳಿರೋದು?

ಮೊದಲು ಆ ತಪ್ಪಿನ ವಿಷಯ ಮುಗಿಸೋಣ. ಕೋಳಿ ತನಗೆ ಹುಷಾರಿಲ್ಲ ಅಂತ ತೋರಿಸ್ಕೊಳ್ಳೋ ಜಾತಿ ಅಲ್ಲ. ಬಲಹೀನ ಆಗಿದೆ ಅಂತ ಗೊತ್ತಾದ್ರೆ ಜೊತೇಲಿರೋ ಕೋಳಿಗಳೇ ಕುಕ್ಕಿ ಮೂಲೆಗೆ ತಳ್ತಾವೆ, ಕಾಡಲ್ಲಾದ್ರೆ ಮೊದ್ಲು ಹದ್ದಿನ ಕಣ್ಣಿಗೆ ಬೀಳೋದೂ ಅದೇ, ಹಾಗಾಗಿ ಕೊನೇ ಗಳಿಗೆವರೆಗೂ ಕೆದಕ್ತಾ ಕುಕ್ತಾ ಸರಿ ಇರೋ ಥರಾನೇ ಓಡಾಡುತ್ತೆ. ನಿಮಗೆ ಕಾಣ್ಲಿಲ್ಲ ಅಂದ್ರೆ ನೀವು ನೋಡ್ಲಿಲ್ಲ ಅಂತ ಅರ್ಥ ಅಲ್ಲ, ಅದು ತೋರಿಸ್ಲಿಲ್ಲ ಅಷ್ಟೇ.

ನಾನಿರೋದು ಸುಂಟಿಕೊಪ್ಪದ ಕಡೆ ತೋಟದಲ್ಲಿ. ನಮ್ಮ ಕೊಡಗಲ್ಲಿ ಕೋಳಿ ಅಂದ್ರೆ ಕಡಂಬುಟ್ಟಿನ (ಅಕ್ಕಿ ಕಡುಬಿನ) ಪಕ್ಕ ಬರೋ ಸಾರು, ಕಕ್ಕಡ ತಿಂಗಳ ಮಳೇಲಂತೂ ನಾಟಿಕೋಳಿಗೆ ಎಲ್ಲಿಲ್ಲದ ಡಿಮ್ಯಾಂಡು, ಇಂಥ ಊರಲ್ಲಿ ಕೋಳಿ ಸತ್ತು ಬೇಜಾರಾಗಿದೆ ಅಂದ್ರೆ ಹೇಗೆ ನಗ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಹೇಂಟೆ ಕೆಂಪಿ ಸತ್ತಾಗ ಒಬ್ರು 'ಅಯ್ಯೋ ಮೊದ್ಲೇ ಹೇಳಿದ್ರೆ ನಾವೇ ತಗೊಳ್ತಿದ್ವಲ್ಲ' ಅಂದ್ರು. ನಾನೂ ಕೋಳಿ ತಿಂತೀನಿ ಮಾರಾಯ್ರೇ, ಸುಳ್ಳು ಯಾಕೆ, ಆದ್ರೆ ಕೆಂಪಿ ಆ ಲೆಕ್ಕದಲ್ಲಿ ಇರ್ಲಿಲ್ಲ. ಕಣದಲ್ಲಿ ಕಾಫಿ ಒಣಗೋಕೆ ಹಾಕಿದ್ರೆ ಸಾಕು, ಎಲ್ಲಿಂದಲೋ ಬಂದು ಅದರ ಮಧ್ಯೆನೇ ನಿಂತು ಎರಡೂ ಕಾಲಲ್ಲಿ ಕೆದರಿ ಕೆದರಿ ಹಣ್ಣೆಲ್ಲ ಅಂಗಳದ ಆಚೆ ಹಾರಿಸೋದು, ಕೋಲು ತಗೊಂಡ್ರೆ ಓಡೋದಿಲ್ಲ, ತಲೆ ಒಂದು ಕಡೆ ಓರೆ ಮಾಡಿ ಒಂದೇ ಕಣ್ಣಲ್ಲಿ ನಮ್ಮನ್ನ ನೋಡೋದು. ಅದೂ ಹೀಗೇನೇ, ಬೆಳಗ್ಗೆ ನೋಡಿದ್ರೆ ಕೂರೋ ಕೋಲಿನ ಕೆಳಗೆ ಕಾಲು ಚಾಚಿ ಬಿದ್ದಿತ್ತು, ರೆಕ್ಕೆ ಒಂದು ಚೂರೂ ಕೆದರಿರ್ಲಿಲ್ಲ. ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಪಕ್ಕದ ತೋಟದವರು ಕಣ್ಣು ಬಿತ್ತು ಅಂದ್ರು, ಇನ್ನೊಬ್ರು ಗಾಳಿ ಸೋಕಿದೆ ಅಂದ್ರು. ನಿಮಗೂ ಇದೆಲ್ಲ ಹೇಳಿರ್ತಾರೆ, ಕೇಳಿ ಬಿಟ್ಬಿಡಿ.

ಏನೇನು ಆಗಿರಬಹುದು ಅಂತ ಕೇಳಿದ್ರಿ ಅಂತ ಹೇಳ್ತೀನಿ. ಗಾಯ ಇಲ್ದೆ ಒಂದೇ ಕೋಳಿ ಸಡನ್ನಾಗಿ ಸಾಯೋದು ಜಾಸ್ತಿ ಹೊಟ್ಟೆ ಒಳಗಿನ ಕಾರಣಕ್ಕೆ. ಮೊಟ್ಟೆ ಸಿಕ್ಕಿಹಾಕ್ಕೊಳ್ಳೋದು ಒಂದು. ಇನ್ನೊಂದು, ಭಂಡಾರ (ಮೊಟ್ಟೆಯ ಹಳದಿ) ಮೊಟ್ಟೆ ನಾಳಕ್ಕೆ ಇಳಿಯೋ ಬದಲು ಹೊಟ್ಟೆ ಒಳಗೇ ಬಿದ್ದು ನಂಜಾಗೋದು. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ರೆ ಹೆಚ್ಚು, ಫಾರಂ ತಳಿಗಳನ್ನ ನಾವು ಸುಮಾರು 300 ಮೊಟ್ಟೆ ತನಕ ತಂದಿದ್ದೀವಿ, ಅಷ್ಟು ಇಡೋ ಮೈಗೆ ಏನಾದ್ರೂ ಕೆಡದೇ ಇದ್ರೇನೇ ಆಶ್ಚರ್ಯ. ಹಾರ್ಟ್ ನಿಂತೂ ಹೋಗ್ತಾವೆ. ಹಾವು ಕಚ್ಚಿದ್ರೆ ಪುಕ್ಕದ ಅಡಿ ಆ ಗುರುತು ಹುಡುಕೋದು ಕಷ್ಟ, ಇಲಿ ಪಾಷಾಣನೂ ಮರೀಬೇಡಿ. ಆದ್ರೆ ಕಬ್ಬೆಕ್ಕು, ಮುಂಗುಸಿ ಬಂದಿದ್ರೆ ಕುತ್ತಿಗೆ ಹತ್ರ ಗಾಯ ಇರ್ತಿತ್ತು, ಗೂಡೆಲ್ಲ ಪುಕ್ಕ ಚೆಲ್ಲಿರ್ತಿತ್ತು.

ಕೆಂಪಿ ಸತ್ತ ಸ್ವಲ್ಪ ಕಾಲದ ಮೇಲೆ ನಮ್ಮ ಪಕ್ಕದ ಮನೆಯ ಒಂದು ದಪ್ಪ ಹೇಂಟೆ ಇದೇ ಥರ ಹೋಯ್ತು, ಅವರು ಪಶು ಆಸ್ಪತ್ರೆಗೆ ತಗೊಂಡು ಹೋದ್ರು, ನಾನೂ ಜೊತೆಗಿದ್ದೆ. ಡಾಕ್ಟ್ರು ಹೊಟ್ಟೆ ಕೊಯ್ದು ತೋರಿಸಿದ್ರು, ಲಿವರ್ ಕೆಂಪಗೆ ಇರ್ಬೇಕಾದ್ದು ಹಳೇ ಬೆಣ್ಣೆ ಥರ ಹಳದಿ, ಬೆರಳಿಟ್ರೆ ಪುಡಿಯಾಗ್ತಿತ್ತು, ಸುತ್ತ ಹೆಪ್ಪುಗಟ್ಟಿದ ರಕ್ತ. ಲಿವರಲ್ಲಿ ಕೊಬ್ಬು ತುಂಬಿ ಒಳಗೇ ಒಡೆದು ಹೋಗೋದಂತೆ, ಮೊಟ್ಟೆ ಇಡೋಕೆ ಮುಕ್ಕೋವಾಗ್ಲೇ ಆಗಬಹುದಂತೆ, ಹೊರಗಿಂದ ನೋಡಿದ್ರೆ ಜುಟ್ಟು ಬಿಳಿಚಿಕೊಂಡಿರೋದು ಬಿಟ್ರೆ ಏನೂ ಗೊತ್ತಾಗಲ್ಲ. ಅದು ನೋಡಿದ್ಮೇಲೆ ನನಗೆ ಒಂಥರಾ ಸಮಾಧಾನ ಆಯ್ತು, ಕೆಂಪಿದು ಅದೇ ಅಂತ ಅಲ್ಲ, ಹೊರಗೆ ಇಷ್ಟು ಗಟ್ಟಿಯಾಗಿ ಕಾಣೋ ಪ್ರಾಣಿ ಒಳಗೆ ಹೀಗಿರಬಹುದಲ್ಲ ಅಂತ. ಹೊಟ್ಟೆ ಕೊಯ್ದು ನೋಡದೆ ಯಾರೂ ಹೇಳೋಕಾಗಲ್ಲ. ನೀವು ಹೂತಾಗಿದೆ ಅಂದ್ರಿ, ಅಲ್ಲಿಗೆ ಆ ಪ್ರಶ್ನೆ ಮುಗೀತು, ಉತ್ತರ ಇಲ್ಲದ ಜಾಗಕ್ಕೆ ನಿಮ್ಮ ಹೆಸರು ಬರ್ಕೋಬೇಡಿ.

ಓದ್ತಿರೋ ಬೇರೆಯವರಿಗೆ ಒಂದು ಮಾತು. ಕಾರಣ ತಿಳೀಲೇಬೇಕು ಅಂದ್ರೆ ಬರಿಗೈಲಿ ಮುಟ್ಟದೆ ಎರಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಐಸ್ ಪಕ್ಕ ಇಡಿ, ಫ್ರೀಜರ್ ಬೇಡ, ಗಟ್ಟಿಯಾದ್ರೆ ಒಳಗಿನದೆಲ್ಲ ಹಾಳಾಗುತ್ತೆ, ಒಂದು ದಿನದೊಳಗೆ ಪಶು ಆಸ್ಪತ್ರೆಗೆ ಮುಟ್ಟಿಸಿ. ಸತ್ತಿದ್ದನ್ನ ಯಾರು ಎಷ್ಟೇ ಹೇಳಿದ್ರೂ ಸಾರು ಮಾಡ್ಬೇಡಿ. ಹೂಳೋದಾದ್ರೆ ಬಾವಿ, ತೋಡಿಂದ ದೂರ, ಆಳವಾಗಿ, ಸುಣ್ಣ ಹಾಕಿ, ಮೇಲೊಂದು ಕಲ್ಲು. ಇಲ್ಲಾಂದ್ರೆ ನಮ್ಮ ಕಡೆ ಹಂದಿ ಬಂದು ಕೆದಕಿ ಹಾಕುತ್ತೆ, ಅದು ಎರಡನೇ ಸಲ ಅಳಿಸುತ್ತೆ.

ನಿಮ್ಮ ಉಳಿದ ಎರಡನ್ನ ಮಾತ್ರ ಇನ್ನೂ ಒಂದೆರಡು ವಾರ ಗಮನ ಇಟ್ಟು ನೋಡಿ. ಹಸಿರು ಹಿಕ್ಕೆ, ಬಾಯಿ ತೆಗೆದು ಉಸಿರಾಡೋದು, ಕುತ್ತಿಗೆ ತಿರುಚಿಕೊಳ್ಳೋದು ಕಂಡ್ರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಅದು ಒಂದಕ್ಕೆ ನಿಲ್ಲಲ್ಲ, ತಕ್ಷಣ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವೆರಡೂ ಒಂದಷ್ಟು ದಿನ ಕಚ್ಚಾಡಿದ್ರೆ ಗಾಬರಿ ಬೇಡ, ಯಜಮಾನಿ ಯಾರು ಅಂತ ಹೊಸದಾಗಿ ತೀರ್ಮಾನ ಮಾಡ್ಕೊಳ್ತಾವೆ.

ಅಳೋದು ಅತ್ತುಬಿಡಿ. ಮನೆಯವರಿಗೆ ಅರ್ಥ ಮಾಡಿಸೋಕೆ ಹೋಗ್ಬೇಡಿ, ಅದೊಂದು ವ್ಯರ್ಥ ಕೆಲಸ, ಕೋಳಿ ಸಾಕಿದ ಯಾರಾದ್ರೂ ಒಬ್ಬರ ಹತ್ರ ಹೇಳ್ಕೊಂಡ್ರೆ ಸಾಕು. ನನಗೆ ಸಂಜೆ ಗೂಡು ಮುಚ್ಚೋ ಹೊತ್ತೇ ಕಷ್ಟ ಆಗ್ತಿತ್ತು, ಒಂದಷ್ಟು ದಿನ ಆ ಕೆಲಸ ತೋಟದ ಹುಡುಗನಿಗೆ ಬಿಟ್ಟಿದ್ದೆ. ಎರಡೇ ಉಳಿದಿವೆ ಅಂದ್ರೆ ಇನ್ನೊಂದು ತರೋದು ಒಳ್ಳೇದೇ, ಅವುಗಳಲ್ಲಿ ಒಂದು ಹೋದ್ರೆ ಇನ್ನೊಂದು ಒಂಟಿ ಆಗುತ್ತೆ. ಆದ್ರೆ ಈಗ್ಲೇ ಬೇಡ. ಉಳಿದವು ಆರೋಗ್ಯವಾಗಿವೆ ಅಂತ ಖಾತ್ರಿ ಆಗ್ಲಿ, ಗೂಡು ತೊಳೆದು ಸುಣ್ಣ ಬಳಿದು ಬಿಸಿಲಿಗೆ ಒಣಗ್ಲಿ, ಆಮೇಲೆ ಸಂತೆಯಿಂದಾದ್ರೂ ತನ್ನಿ ನೆಂಟರ ಮನೆಯಿಂದಾದ್ರೂ ತನ್ನಿ, ಒಂದು ತಿಂಗಳು ಬೇರೆ ಗೂಡಲ್ಲೇ ಇಡಿ. ಅದೇ ಬಣ್ಣದ್ದು ಹುಡುಕೋಕೆ ಮಾತ್ರ ಹೋಗ್ಬೇಡಿ.